ಹಣೆಮೀಮಾಂಸೆ: ಆಸ್ಪತ್ರೆ ಬಾಗಿಲ ಜ್ವರಪರೀಕ್ಷೆಯನ್ನು ಕುರಿತ ಮಹಾಪ್ರಬಂಧದ ಸಾರ

ವಿಷಯಪ್ರವೇಶ: ಮನುಷ್ಯರ ಹಣೆಯಲ್ಲಿ ಬ್ರಹ್ಮ ಬರೆದದ್ದನ್ನು ಓದುವ ಯಂತ್ರ ಬಹುಕಾಲ ಇರಲಿಲ್ಲ. 2020ರ ಮಾರ್ಚಿನಲ್ಲಿ ಕೊರೊನಾ ಕರ್ನಾಟಕಕ್ಕೆ ಕಾಲಿಟ್ಟಿತು. ಆಮೇಲೆ ಹೊಸಬಾಳೆ ಸೀಮೆಯವರು ಸೊರಬಕ್ಕೆ ಹೋಗಲಿ, ಶಿಕಾರಿಪುರಕ್ಕೆ ಹೋಗಲಿ, ಆಸ್ಪತ್ರೆಯಲ್ಲಿ ಮೊದಲು ದರ್ಶನ ಕೊಟ್ಟದ್ದು ಡಾಕ್ಟರಲ್ಲ, ಹಣೆಗೆ ಗುರಿಯಿಟ್ಟ ಬಿಳಿ ಪಿಸ್ತೂಲು. ಬ್ರಹ್ಮಲಿಪಿಯನ್ನು ಅದು ಅರೆಕ್ಷಣದಲ್ಲಿ ಓದಿ 97.2 ಎನ್ನುತ್ತಿತ್ತು.

ಪೂರ್ವಾಚಾರ್ಯರು: ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಮಠದಲ್ಲಿ ದೀನರಿಗೆ, ಕುರುಡರಿಗೆ, ಕಿವುಡರಿಗೆ ಅನ್ನವೂ ರೋಗಿಗಳಿಗೆ ಚಿಕಿತ್ಸೆಯೂ ಸಿಗುತ್ತಿತ್ತೆಂದು 1162ರ ಶಾಸನ ಸಾರುತ್ತದೆ. ಬಾಗಿಲಲ್ಲಿ ತಡೆದು ಹಣೆ ನೋಡಿದ ಪ್ರಸ್ತಾಪವಿಲ್ಲ. ಆ ಮಠದ ಕಾಳಾಮುಖ ಯತಿಗಳು ಮಾರ್ಗಸೂಚಿ ಪಾಲಿಸಲಿಲ್ಲವೆಂದೇ ತಿಳಿಯತಕ್ಕದ್ದು. ಇನ್ನೊಬ್ಬ ಆಚಾರ್ಯ ಲೈಪ್‌ಜಿಗ್‌ನ ವುಂಡರ್‌ಲಿಖ್. ಸಾವಿರಾರು ರೋಗಿಗಳ ಕಂಕುಳಿಗೆ ಥರ್ಮಾಮೀಟರ್ ಇಟ್ಟು ಕಾದು ಕೂತು, 98.6 ಡಿಗ್ರಿಯ ಲೆಕ್ಕವನ್ನು 1868ರ ಗ್ರಂಥದಲ್ಲಿ ಲೋಕಕ್ಕೆ ಕೊಟ್ಟವನು. ಕ್ಯೂ ನಿಭಾಯಿಸಿ ಅವನಿಗೆ ಅಭ್ಯಾಸವಿರಲಿಲ್ಲ.

ಯಂತ್ರತತ್ತ್ವ: ಈ ಪಿಸ್ತೂಲು ಏನನ್ನೂ ಹಾರಿಸುವುದಿಲ್ಲ, ಚರ್ಮದಿಂದ ಹೊಮ್ಮುವ ಅವಕೆಂಪು ಕಿರಣವನ್ನು ಹಿಡಿದು ಲೆಕ್ಕ ಹಾಕುತ್ತದೆ, ಅಷ್ಟೆ. ಆದಕಾರಣ ಏಪ್ರಿಲ್ ಬಿಸಿಲಲ್ಲಿ ಬೈಕ್ ಓಡಿಸಿಕೊಂಡು ಬಂದ ಗಟ್ಟಿಮುಟ್ಟಾದವನು ಜ್ವರಪೀಡಿತ. ಮಳೆಯಲ್ಲಿ ನೆಂದು ಬಂದ ಜ್ವರಪೀಡಿತ ಗಟ್ಟಿಮುಟ್ಟು.

ಮೊದಲನೆಯವನಿಗೆ ಪ್ರಾಯಶ್ಚಿತ್ತ ಉಂಟು. "ಅಣ್ಣಾ, ಚೂರು ಹೊತ್ತು ನೆಳ್ಳಲ್ಲಿ ನಿಂತ್ಕಳಿ."

"ಬಿಸ್ಲಲ್ಲಿ ಬಂದಿದೀನಿ ಮಾರಾಯಾ, ಜ್ವರ ಎಂತದೂ ಇಲ್ಲ."

ಹೊಂಗೆ ಮರದ ಕೆಳಗೆ ಹತ್ತು ನಿಮಿಷ; ರೋಗ ವಾಸಿ. ಕಿರಣ ಮಿದುಳಿಗೆ ತಾಕುತ್ತದೆಂಬ ವದಂತಿಗೆ ಹೆದರಿದವರು ಮುಂಗೈ ಚಾಚಿದರು. 94 ಬಂತು. ಇಷ್ಟು ತಣ್ಣಗಿರುವ ಮನುಷ್ಯ ನಡೆದಾಡುವುದು ಹೇಗೆಂದು ಯಾರೂ ಕೇಳಲಿಲ್ಲ. ಡೋಲೋ 650 ನುಂಗಿ ಬಂದವರ ಹಣೆಬರಹವಂತೂ ನಿಷ್ಕಳಂಕ.

ಖಂಡನೆ: ಹೊರಡುವಾಗ ಒಮ್ಮೆ, ಇಳಿಯುವಾಗ ಒಮ್ಮೆ ತಪಾಸಣೆ ಮಾಡಿದರೂ ವಿಮಾನ ಪ್ರಯಾಣಿಕರಲ್ಲಿ ಶೇ. 46ರಷ್ಟು ಸೋಂಕಿತರು ಕಣ್ತಪ್ಪಿಸುತ್ತಾರೆಂದು ಲಂಡನ್ನಿನ ಸಂಶೋಧಕರು 2020ರ ಫೆಬ್ರವರಿಯಲ್ಲೇ ಅಂದಾಜಿಸಿದ್ದರು. ಸೋಂಕು ತಗುಲಿ ಕೆಲವು ದಿನ ಲಕ್ಷಣವೇ ಇರುವುದಿಲ್ಲ. ಕೆಲವರಿಗೆ ಕೊನೆತನಕ ಇರುವುದಿಲ್ಲ. ಮೇ 10ರಂದು ಶಿವಮೊಗ್ಗ ಜಿಲ್ಲೆಯ ಮೊದಲ 8 ಪ್ರಕರಣಗಳು ಹೊರಬಿದ್ದವು; ಅವರಲ್ಲಿ 7 ಮಂದಿ ಶಿಕಾರಿಪುರ ತಾಲ್ಲೂಕಿನವರು. ಎಲ್ಲರೂ ಅಹಮದಾಬಾದಿನಿಂದ ಮರಳಿದವರು. ಅವರ ಪತ್ತೆಗೆ ಕೆಲಸಕ್ಕೆ ಬಂದದ್ದು ಎಲ್ಲಿಂದ ಬಂದಿರಿ ಎಂಬ ಪ್ರಶ್ನೆ, ಆಮೇಲೆ ಗಂಟಲ ದ್ರವ.

ಕ್ಯಾಸನೂರು ಅಧಿಕರಣ: ಈ ಸೀಮೆಯ ಜ್ವರಕ್ಕೆ ಹಳೆಯ ಹಕ್ಕುದಾರ ಬೇರೆ ಇದ್ದಾನೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದದ್ದರಿಂದ ಮಂಗನ ಕಾಯಿಲೆಯ ಸುಳಿವು ಸಿಕ್ಕಿತು. ಉಣುಗು ಕಚ್ಚಿ ಬರುವ ಇದು ಡಿಸೆಂಬರಿನಿಂದ ಮೇವರೆಗೆ ಜೋರು, ಮನುಷ್ಯರಿಂದ ಮನುಷ್ಯರಿಗೆ ಹರಡದು. ದರಗು ತರಲು ಹೋಗಿ ಬಂದವರ ಹಣೆ 102 ತೋರಿಸಿದರೆ ಕೊರೊನಾ ಸಾಲಿಗೋ ಉಣುಗಿನ ಸಾಲಿಗೋ? ಪಿಸ್ತೂಲು ಮೌನ. ಮಂಗನ ಕಾಯಿಲೆಯಲ್ಲಿ ಕೆಲವರಿಗೆ ಜ್ವರ ಬಿಟ್ಟು, ವಾರ ಎರಡು ವಾರ ಕಳೆದು, ತಲೆನೋವು, ನಡುಕದೊಂದಿಗೆ ಮರಳುತ್ತದೆ. ಆ ನಡುವೆ ಬಾಗಿಲಿಗೆ ಬಂದರೆ "97, ಒಳಗೆ ಹೋಗಿ". ಕಾಡಿಗೆ ಹೋಗಿದ್ದಿರಾ, ಸತ್ತ ಮಂಗ ಕಂಡಿರಾ ಎಂದು ಮನೆಬಾಗಿಲಲ್ಲೇ ಕೇಳುವ ಆಶಾ ಕಾರ್ಯಕರ್ತೆಯರ ಕೈಯಲ್ಲಿ ಪಿಸ್ತೂಲಿಗಿಂತ ಹರಿತವಾದ ಉಪಕರಣವಿದೆ. ಅದಕ್ಕೆ ಬ್ಯಾಟರಿ ಬೇಡ.

ಶೇಷಪ್ರಶ್ನೆಗಳು: ಹಣೆಗೆ ಗುರಿಯಿಡುವವರ ಹಣೆಗೆ ಗುರಿಯಿಡುವವರು ಯಾರು? ಬ್ಯಾಟರಿ ಮುಗಿದ ದಿನವೂ ರಿಜಿಸ್ಟರಿನಲ್ಲಿ ಎಲ್ಲರಿಗೂ 97 ಹೇಗೆ ಬಂತು? ಸ್ಯಾನಿಟೈಸರ್ ತಿಕ್ಕಿಕೊಂಡ ಅಷ್ಟೂ ಕೈಗಳು ಹೆಸರು, ಊರು, ಮೊಬೈಲ್ ನಂಬರ್ ಬರೆದದ್ದು ದಾರ ಕಟ್ಟಿ ಇಳಿಬಿಟ್ಟಿದ್ದ ಒಂದೇ ಪೆನ್ನಿನಲ್ಲಿ. ಪೆನ್ನಿನ ತಪಾಸಣೆ ಎರಡನೆಯ ಸಂಪುಟದ ವಿಷಯ.