ಮೊರಾರ್ಜಿಭಾಯಿ ಅವರಿಗೆ ಸಾವಳಗಿಯಿಂದ ಒಂದು ಕೃತಜ್ಞತಾ ಪತ್ರ

ಸನ್ಮಾನ್ಯ ಮೊರಾರ್ಜಿ ದೇಸಾಯಿ ಅವರಿಗೆ ಸಾವಳಗಿಯಿಂದ ಸಾಷ್ಟಾಂಗ ನಮಸ್ಕಾರ. ನಾವೆಲ್ಲ ಕ್ಷೇಮ, ಆ ಲೋಕದಲ್ಲಿ ತಮ್ಮ ಕ್ಷೇಮಕ್ಕೆ ಪತ್ರ ಬರೆಯಿರಿ.

1948ರಲ್ಲಿ ನಮ್ಮ ಜಮಖಂಡಿ ಸಂಸ್ಥಾನ ಮುಂಬೈ ಪ್ರಾಂತಕ್ಕೆ ಸೇರಿತು. ಪಟವರ್ಧನ ರಾಜರು ಹೋದರು, ಇನ್ನು ನಮಗೆ ಧಣಿಗಳು ಯಾರು ಎಂಬ ಚಿಂತೆ ಹತ್ತಿತ್ತು. 1950ರ ಏಪ್ರಿಲ್‌ನಲ್ಲಿ, ಮುಂಬೈಯ ಗೃಹಮಂತ್ರಿಯಾಗಿದ್ದ ತಾವು ಸಂಪೂರ್ಣ ಪಾನನಿಷೇಧ ತಂದು ಆ ಚಿಂತೆ ದೂರ ಮಾಡಿದಿರಿ.

ಕಳ್ಳಭಟ್ಟಿಯ ಹೊಸ ಧಣಿಗಳಿಗೆ ಬಂಡವಾಳವೆಂದರೆ ಏನು ಮಹಾ? ಮಹಾಲಿಂಗಪುರದ ಬೆಲ್ಲ ಕೈಗೆಟುಕುವಷ್ಟು ಹತ್ತಿರ. ಕಪ್ಪಾಗಿ ಪೇಟೆಯಲ್ಲಿ ಬೆಲೆ ಬಾರದ ಮಾಲಾದರೆ ಇನ್ನೂ ಪಾಡು. ಜಾಲಿಯ ತೊಗಟೆ ಬೇಲಿಯಲ್ಲಿ, ನವಸಾಗರ ಕಲಾಯಿಯವನ ಹತ್ತಿರ. ಹರವಿಯಲ್ಲಿ ಕೊಳೆಹಾಕಿ ತಿಪ್ಪೆಯಲ್ಲಿ ಹುಗಿದು, ಹುಳಿ ಬಂದ ಮೇಲೆ ಕಾಯಿಸಿ ಇಳಿಸುವುದು. ಕಡ್ಡಿ ಗೀರಿ ಹಿಡಿದಾಗ ನೀಲಿ ಉರಿ ಎದ್ದರೆ ಒಂದನೇ ನಂಬರ್ ಮಾಲು. ಸಾಗಿಸಲು ಲಾರಿಯ ಹಳೆಯ ಟ್ಯೂಬು.

ಆದರೆ ಗಳಿಕೆ ಬಂದದ್ದು ಬೆಲ್ಲದಿಂದಲ್ಲ, ತಮ್ಮ ಕಾಯ್ದೆಯಿಂದ. ಬೆಲ್ಲ ಯಾರಿಗೂ ಸಿಗುತ್ತದೆ, ಫೌಜದಾರರ ಕೃಪೆ ಎಲ್ಲರಿಗೂ ಸಿಗದು. ಭಟ್ಟಿ ಕಾಯಿಸಿದವನು ಜೈಲು ಕಂಡ. ಟ್ಯೂಬನ್ನು ಕೈಯಿಂದಲೂ ಮುಟ್ಟದವನು ಮಾಳಿಗೆ ಮನೆ ಕಟ್ಟಿಸಿದ. ಮುಂಬೈಯ ಉಳ್ಳವರಂತೂ ಡಾಕ್ಟರ ಚೀಟಿ ತೋರಿಸಿ, ಪರವಾನಗಿ ಪಡೆದು ಕುಡಿದರು. (ತಾವು ಮುಂಜಾನೆ ಏನು ಕುಡಿಯುತ್ತಿದ್ದಿರಿ ಎಂಬ ಮಾತು ಇಲ್ಲಿ ಬೇಡ. ಅದಕ್ಕೆ ಪರವಾನಗಿಯೂ ಬೇಕಿರಲಿಲ್ಲ.) ಅದೇ ಊರಿನಲ್ಲಿ ವರದರಾಜನ್ ಮುದಲಿಯಾರ್ ಕಳ್ಳಸಾರಾಯಿಯಿಂದಲೇ ದೊಡ್ಡ ಮನುಷ್ಯನಾದ.

ಅಮೆರಿಕದವರು 1920ರಿಂದ 1933ರವರೆಗೆ ಇದೇ ಪಾಠ ಓದಿ ಮುಗಿಸಿದ್ದರು. ಅಲ್ಲಿನ ಕಳ್ಳಸಾರಾಯಿ ಧಣಿ ಅಲ್ ಕಪೋನ್ 1931ರಲ್ಲಿ ಕೊನೆಗೂ ಸಿಕ್ಕಿಬಿದ್ದದ್ದು ಆದಾಯ ತೆರಿಗೆ ಪ್ರಕರಣದಲ್ಲಿ. ಪಾಪ, ಅವನಿಗೆ ಕಬ್ಬಿನ ಹೊಲ ಇರಲಿಲ್ಲ. ಒಕ್ಕಲುತನದ ಆದಾಯಕ್ಕೆ ನಮ್ಮಲ್ಲಿ ಆ ತೆರಿಗೆ ಇಲ್ಲ.

1956ರಲ್ಲಿ ನಮ್ಮ ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಾಗ ನಿಷೇಧವೂ ಬಳುವಳಿಯಾಗಿ ಜೊತೆಗೆ ಬಂತು. 1967ರಲ್ಲಿ ಅದನ್ನು ತೆಗೆದರು, ಧಣಿಗಳ ಲಾಭದಲ್ಲಿ ಸರಕಾರವೇ ಪಾಲುದಾರನಾಯಿತು. 2007ರ ಜುಲೈ 1ಕ್ಕೆ ಸಾರಾಯಿ ಬಂದ್ ಆಯಿತು. ಪಾಕೀಟು ಕುಡಿಯುತ್ತಿದ್ದ ಕೂಲಿಯವನು ವಿಸ್ಕಿಯ ಟೆಟ್ರಾ ಪ್ಯಾಕಿಗೆ ಬಡ್ತಿ ಪಡೆದ. ಕೂಲಿ ಮಾತ್ರ ಬಡ್ತಿ ಪಡೆಯಲಿಲ್ಲ.

2019ರ ಜನವರಿಯಲ್ಲಿ ಮದ್ಯ ನಿಲ್ಲಿಸಿ ಎಂದು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೋದರು. ಅವರನ್ನು ಕುರಿತು ಕುಚೋದ್ಯ ಮಾಡುವಷ್ಟು ನಾನು ಕೆಟ್ಟಿಲ್ಲ. ಕುಡುಕನ ಮನೆಯ ಒಲೆ ಅವರೇ ಹಚ್ಚಬೇಕು. ಆದರೆ ನಾಳೆ ತಮ್ಮ ಕಾಯ್ದೆ ಮರಳಿ ಬಂದರೆ ಮೊದಲು ಚಪ್ಪಾಳೆ ತಟ್ಟುವವರು ಟ್ಯೂಬಿನ ಧಣಿಗಳ ಮೊಮ್ಮಕ್ಕಳು. ಸದ್ಯ ಅವರಿಗೆ ಆ ಭಾಗ್ಯವಿಲ್ಲ: 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಸರಕಾರ ಎತ್ತಬೇಕೆಂದುಕೊಂಡದ್ದು 40,000 ಕೋಟಿ ರೂಪಾಯಿ.

ಇಂತಿ ತಮ್ಮ ವಿಧೇಯ,
ಸಾವಳಗಿಯ ಒಬ್ಬ ಮತದಾರ