ಮಜೂರಿ ಏರಿಸಿಕೊಳ್ಳುವ ಕಲೆ: ಜೇಮ್ಸ್ ಮ್ಯಾಡಿಸನ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಮ್ಯಾಡಿಸನ್ ಸಾಹೇಬರಿಗೆ,

ಗುಳೇದಗುಡ್ಡದ ನೇಕಾರನೊಬ್ಬನ ಶರಣು. ತಾವು 1836ರಲ್ಲೇ ತೀರಿಕೊಂಡಿರೆಂದು ಬಲ್ಲೆ. ಬದುಕಿರುವ ಜನಪ್ರತಿನಿಧಿಗಳಿಗೆ ಕೊಟ್ಟ ಅರ್ಜಿಗೂ ಉತ್ತರ ಬರುವುದು ಅಷ್ಟರಲ್ಲೇ ಇರುವುದರಿಂದ, ನಿಮಗೆ ಬರೆದರೂ ನಷ್ಟವಿಲ್ಲ.

ನಮ್ಮದು ಖಣದ ಊರು. ಇಳಕಲ್ ಸೀರೆ ಉಟ್ಟವರು ತೊಡುವ ಕುಪ್ಪಸದ ಬಟ್ಟೆ ಇಲ್ಲಿಯದು. ಸಾವಕಾರರು ನೂಲು ಕೊಡುತ್ತಾರೆ, ನಾವು ನೇಯ್ದು ಒಪ್ಪಿಸುತ್ತೇವೆ, ಮಜೂರಿ ಅವರು ಹೇಳಿದಷ್ಟು. ನೂಲಿನ ದರ ಏರಿದಾಗ ಕೇಳಿದರೆ ಲಾಭವಿಲ್ಲ ಅನ್ನುತ್ತಾರೆ. ಇಳಿದಾಗ ಕೇಳಿದರೆ ವ್ಯಾಪಾರವೇ ಇಲ್ಲ ಅನ್ನುತ್ತಾರೆ. ಹೀಗಾಗಿ ಯಾವ ಪುಸ್ತಕ ಕೈಗೆ ಬಂದರೂ ನಾನು ಮೊದಲು ಹುಡುಕುವುದು ಮಜೂರಿ ಯಾರ ಕೈಯಲ್ಲಿದೆ ಎಂಬುದನ್ನು. 1787ರಲ್ಲಿ ತಾವೆಲ್ಲ ಫಿಲಡೆಲ್ಫಿಯಾದಲ್ಲಿ ಕೂತು ಬರೆದ ಅಮೆರಿಕದ ಸಂವಿಧಾನವನ್ನೂ ಹಾಗೆಯೇ ಓದಿದೆ.

ಬಲ್ಲವರಿಗೆ ಅದರಲ್ಲಿ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಕಾಣುತ್ತವೆ. ನನಗೆ ಕಂಡದ್ದು ಪಗಾರದ ಲೆಕ್ಕ. ಅಧ್ಯಕ್ಷರ ಸಂಬಳವನ್ನು ಅವರ ಅವಧಿ ಮುಗಿಯುವ ತನಕ ಏರಿಸುವಂತೆಯೂ ಇಲ್ಲ, ಇಳಿಸುವಂತೆಯೂ ಇಲ್ಲ. ಆಸೆ ತೋರಿಸಿಯೋ ಹೆದರಿಸಿಯೋ ಸಂಸತ್ತು ಅವರನ್ನು ಬಗ್ಗಿಸಬಾರದು. ನ್ಯಾಯಾಧೀಶರದ್ದನ್ನು ಏರಿಸಬಹುದು, ಇಳಿಸುವಂತಿಲ್ಲ. ಬದುಕಿರುವಷ್ಟು ಕಾಲವೂ ಆ ಪೀಠದಲ್ಲಿ ಕೂರಬಹುದಾದವರು, ಮೊದಲ ದಿನದ ಸಂಬಳದಲ್ಲೇ ಮುದುಕರಾಗಲಾರರು. ಯಾರ ಅನ್ನ ಇನ್ನೊಬ್ಬರ ಕೈಯಲ್ಲಿದೆಯೋ ಅವರ ನಾಲಿಗೆಯೂ ಅಲ್ಲೇ ಇರುತ್ತದೆಂದು ನಿಮಗೆ ಗೊತ್ತಿತ್ತು. (ಕುಣಿ ಮಗ್ಗದಲ್ಲಿ ಕೂತವರಿಗೂ ಗೊತ್ತು. ನಾವು ಬರೆದಿಡಲಿಲ್ಲ, ಅಷ್ಟೆ.)

ಉಳಿದದ್ದು ಸಂಸತ್ ಸದಸ್ಯರ ಸಂಬಳ. ಅದನ್ನು ಅವರೇ ಕಾನೂನು ಮಾಡಿ ಗೊತ್ತುಮಾಡಿಕೊಳ್ಳಲಿ ಎಂದು ಬಿಟ್ಟಿರಿ. ಬಿಟ್ಟ ಮೇಲೆ ನಿದ್ದೆ ಬಂದಿರಲಿಕ್ಕಿಲ್ಲ. 1789ರಲ್ಲಿ ತಿದ್ದುಪಡಿಯೊಂದನ್ನು ತಂದಿರಿ. ಸಂಬಳ ಬದಲಿಸಿಕೊಳ್ಳಿ, ಆದರೆ ನಡುವೆ ಒಂದು ಚುನಾವಣೆ ಆಗುವ ತನಕ ಅದು ಜಾರಿಗೆ ಬರಕೂಡದು. ಜೊತೆಗೆ ಕಳಿಸಿದವುಗಳಲ್ಲಿ ಹತ್ತು ತಿದ್ದುಪಡಿಗಳಿಗೆ 1791ರಲ್ಲೇ ಒಪ್ಪಿಗೆ ಸಿಕ್ಕಿತು. ಇದು ಮೂಲೆ ಸೇರಿತು. 1873ರಲ್ಲಿ ನಿಮ್ಮವರು ತಮ್ಮ ಸಂಬಳವನ್ನು 5,000 ಡಾಲರಿನಿಂದ 7,500ಕ್ಕೆ ಏರಿಸಿಕೊಂಡು, ಹಿಂದಿನ ಎರಡು ವರ್ಷದ ಬಾಕಿಯನ್ನೂ ಎಣಿಸಿಕೊಂಡರು. ಜನ ಉಗಿದ ಮೇಲೆ ಮರುವರ್ಷ ರದ್ದು ಮಾಡಿದರು. 1982ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಗ್ರೆಗರಿ ವಾಟ್ಸನ್, ನಿಮ್ಮ ತಿದ್ದುಪಡಿಗೆ ಇನ್ನೂ ಜೀವವಿದೆ ಎಂದು ಪ್ರಬಂಧ ಬರೆದ. ಸಿಕ್ಕಿದ್ದು 'ಸಿ' ದರ್ಜೆ. ಪಟ್ಟು ಬಿಡದೆ ರಾಜ್ಯ ರಾಜ್ಯಗಳಿಗೆ ಕಾಗದ ಬರೆದ. 1992ರಲ್ಲಿ ಅದು ಇಪ್ಪತ್ತೇಳನೇ ತಿದ್ದುಪಡಿಯಾಯಿತು. 203 ವರ್ಷ! ನಮ್ಮ ಕಚೇರಿಗಳ ಕಡತಗಳ ಮೇಲೆ ನನಗಿದ್ದ ಸಿಟ್ಟು ಇದನ್ನು ಓದಿ ಎಷ್ಟೋ ಇಳಿಯಿತು.

ನಮ್ಮಲ್ಲಿ ಇಂಥ ವಿಳಂಬವಿಲ್ಲ. ಭಾರತ ಸಂವಿಧಾನದ 195ನೇ ವಿಧಿ ಶಾಸಕರ ಸಂಬಳವನ್ನು ಶಾಸಕರ ಕೈಗೇ ಒಪ್ಪಿಸಿದೆ; ಚುನಾವಣೆ ಗಿನಾವಣೆ ಎಂಬ ಅಡ್ಡಿ ಇಟ್ಟಿಲ್ಲ. 2025ರ ಮಾರ್ಚ್ 21ರಂದು ಕರ್ನಾಟಕ ವಿಧಾನಸಭೆಯಲ್ಲಿ ಗದ್ದಲವೋ ಗದ್ದಲ. ಕಾಗದ ಹರಿದು ತೂರಿದ್ದಾಯಿತು, ಬಿಜೆಪಿಯ 18 ಶಾಸಕರ ಅಮಾನತೂ ಆಯಿತು. ಅದೇ ದಿನ, ಆ ಗದ್ದಲದಲ್ಲೇ, ಚರ್ಚೆಯಿಲ್ಲದೆ, ಶಾಸಕರ ತಿಂಗಳ ಸಂಬಳ 40,000 ರೂಪಾಯಿಯಿಂದ 80,000ಕ್ಕೆ, ಮುಖ್ಯಮಂತ್ರಿಗಳದ್ದು 75,000ದಿಂದ ಒಂದೂವರೆ ಲಕ್ಷಕ್ಕೆ ಏರಿಸುವ ಮಸೂದೆಗಳು ಪಾಸಾದವು. ಕಾಗದ ಹರಿದದ್ದು ಬೇರೆ ಕಾರಣಕ್ಕೆ. ಸಂಬಳದ ಕಾಗದಕ್ಕೆ ಏನೂ ಆಗಲಿಲ್ಲ. ಮೂರು ದಿನ ಬಿಟ್ಟು ದೆಹಲಿಯಲ್ಲಿ ಸಂಸದರ ಸಂಬಳ ಒಂದು ಲಕ್ಷದಿಂದ 1.24 ಲಕ್ಷವಾಯಿತು, ಅದೂ 2023ರ ಏಪ್ರಿಲ್‌ನಿಂದಲೇ ಅನ್ವಯವಾಗುವಂತೆ. ನಿಮ್ಮ 1873ರವರು ಅವಸರದಲ್ಲಿ ಹುಟ್ಟಿದರು, ಪಾಪ.

ಆ ಮಸೂದೆಗಳು ಪಾಸಾದಾಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರನ್ನು 2018ರಲ್ಲಿ 1,696 ಮತಗಳಿಂದ ಗೆಲ್ಲಿಸಿದ್ದು ನಮ್ಮ ಬಾದಾಮಿ ಕ್ಷೇತ್ರವೇ. ಮತ ಕೇಳಲು ಬಂದಾಗ ವಿಚಾರಿಸೋಣವೆಂದರೆ, 2023ರಲ್ಲಿ ಅವರು ವರುಣಾ ಕ್ಷೇತ್ರಕ್ಕೆ ಹೋದರು. ಗುಳೇದಗುಡ್ಡ ಎಂಬ ಸ್ವಂತ ಕ್ಷೇತ್ರವೂ ನಮಗಿತ್ತು. 2008ರ ಮರುವಿಂಗಡಣೆಯಲ್ಲಿ ಅದು ನಕ್ಷೆಯಿಂದಲೇ ಹೋಯಿತು.

ನಿಮ್ಮವರೂ ಕಿಂಡಿ ಹುಡುಕಿಕೊಂಡಿದ್ದಾರೆನ್ನಿ. ವರ್ಷ ವರ್ಷ ಸಂಬಳ ತಾನೇ ಏರುವಂತೆ 1989ರಲ್ಲಿ ಕಾನೂನು ಮಾಡಿದರು, ನ್ಯಾಯಾಲಯವೂ ಒಪ್ಪಿತು. ಆದರೂ 2009ರಿಂದ 1,74,000 ಡಾಲರಿಗೇ ನಿಂತಿದ್ದಾರೆ. ಏರಿಕೆಯನ್ನು ಪ್ರತಿ ವರ್ಷ ತಾವೇ ತಡೆಯುತ್ತಾರೆ, ಮತದಾರ ಏನಂದಾನೋ ಎಂದು. ಆ ಹೆದರಿಕೆಯನ್ನು ಒಂದಿಷ್ಟು ಬೆಂಗಳೂರಿಗೆ ಕಳಿಸಲು ಬರುತ್ತದೆಯೇ?

ನಮಗೆ 203 ವರ್ಷವೂ ಬೇಡ, ಸಂವಿಧಾನ ತಿದ್ದುವುದೂ ಬೇಡ. ಶಾಸಕರ ಸಂಬಳದ 1956ರ ಕಾಯ್ದೆಗೆ, ಯಾವ ಏರಿಕೆಯಾದರೂ ಮುಂದಿನ ಚುನಾವಣೆಯಲ್ಲಿ ಗೆದ್ದು ಬಂದವರಿಗೆ ಎಂಬ ಒಂದು ಸಾಲು ಸಾಕು. ಅದು ಕಷ್ಟವೆಂದರೆ 195ನೇ ವಿಧಿಯನ್ನು ನೇಕಾರರಿಗೂ ಕೊಡಿಸಿ. ನಾವೂ ಸಭೆ ಸೇರಿ, ಒಂದಿಷ್ಟು ಗದ್ದಲ ಮಾಡಿ, ಚರ್ಚೆಯಿಲ್ಲದೆ ಮಜೂರಿ ದುಪ್ಪಟ್ಟು ಮಾಡಿಕೊಳ್ಳುತ್ತೇವೆ. ಹರಿದು ತೂರುವ ಕಾಗದವನ್ನು ಮಾತ್ರ ಸರ್ಕಾರ ಒದಗಿಸಲಿ.

ಇಂತಿ,
ಗುಳೇದಗುಡ್ಡದ ಒಬ್ಬ ಖಣ ನೇಕಾರ