ಒಂದೇ ಹನಿ ಏಳು ಸಲ ಬಿದ್ದ ಕಥೆ: ಕುಟ್ಟದ ಮಳೆಮಾಪಕದ ಜೊತೆ ಮಾತುಕತೆ

ಕೊಡಗಿನ ಕುಟ್ಟದ ಒಂದು ತೋಟ. ಈಚೆ ಬ್ರಹ್ಮಗಿರಿ, ಆಚೆ ವಯನಾಡು. ಕಾಫಿ ಕಣದ ಅಂಚಿನಲ್ಲಿ, ಮರದ ಹನಿ ಬೀಳದ ಜಾಗ ನೋಡಿ ನಿಲ್ಲಿಸಿದ ಮಳೆಮಾಪಕ. ಮೇಲೊಂದು ಆಲಿಕೆ, ಒಳಗೊಂದು ಬಾಟಲಿ. ಸಾಹುಕಾರರ ಮಗ ಬೆಂಗಳೂರಿನಲ್ಲಿ ಕೂತು ತೋಟಕ್ಕೊಂದು ಡ್ಯಾಶ್‌ಬೋರ್ಡ್ ಮಾಡಿದಂದಿನಿಂದ ಇದಕ್ಕೆ ಮುನಿಸು ಎಂದು ಕೇಳಿ ಹೋಗಿದ್ದೆವು.

ಏನು ಬೇಸರ?

ರೈಟರು ಬೆಳಿಗ್ಗೆ ಎಂಟೂವರೆಗೆ ನೀರನ್ನು ಅಳತೆಯ ಗಾಜಿಗೆ ಸುರಿದು ‘ಒಂದು ಇಂಚು ಇಪ್ಪತ್ತು ಸೆಂಟು’ ಎಂದು ಬರೆಯುತ್ತಾರೆ. ನೂರು ಸೆಂಟಿಗೆ ಒಂದಿಂಚು. ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಆ ಅಂಕಿ ಬೆಂಗಳೂರಿಗೆ ಹೋಗಿ ಗ್ರಾಫಿನಲ್ಲಿ ವಾರದ ಕಂಬವಾಗುತ್ತದೆ. ಕಂಬ ಎದ್ದರೆ ಸಾಹುಕಾರರಿಗೆ ಗಾಬರಿ. ಸೋಮವಾರ ಹೊಸ ಕಂಬ ನೆಲದಿಂದ ಶುರು, ಅವರಿಗೆ ನಿರಾಳ. ಆದರೆ ಭಾನುವಾರ ನೆನೆದ ಬರೆ ಸೋಮವಾರ ಒಣಗುತ್ತದೆಯೇ?

ವಾರ ಎಂದರೆ ಏಳು ದಿನ ತಾನೇ?

ಏಳೇ. ಯಾವ ಏಳು ಎಂಬುದೇ ತಕರಾರು. ನಮ್ಮ ತೋಟಕ್ಕೆ ಸೋಮವಾರ ಶುರು. ಹವಾಮಾನ ಇಲಾಖೆಯ ಮಳೆವಾರ ಗುರುವಾರದಿಂದ ಬುಧವಾರಕ್ಕೆ. 2018ರ ಆಗಸ್ಟ್ 15 ಬುಧವಾರ. ಆ ವಾರದ ಲೆಕ್ಕ ಅಂದಿಗೆ ಮುಗಿಯಿತು. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ್ದು 16, 17ರಂದು. ಗುಡ್ಡ ಕುಡಿದ ನೀರು ಒಂದೇ, ಕಾಗದದಲ್ಲಿ ಅದು ಎರಡು ವಾರಕ್ಕೆ ಪಾಲಾಯಿತು. ಇದರಲ್ಲಿ ನನಗೆ ತಮಾಷೆ ಹೊಳೆಯುವುದಿಲ್ಲ.

ಹಾಗಾದರೆ ದಾರಿ?

ಉರುಳುವ ವಾರ. ಇವತ್ತೂ ಸೇರಿ ಹಿಂದಿನ ಏಳು ದಿನ, ಪ್ರತಿದಿನವೂ. ಸೋಮವಾರದಿಂದ ಭಾನುವಾರಕ್ಕೆ 2, 1, 3, 0, 4, 2, 1 ಇಂಚು ಬಿತ್ತು ಅನ್ನಿ, ಮೊತ್ತ 13. ಮರುದಿನ 5 ಇಂಚು. ಹಳೆ ಸೋಮವಾರದ 2 ಕಳೆಯಿರಿ, 5 ಕೂಡಿ, 16 ಆಯಿತು. ಅಂದು ಸಾಹುಕಾರರು ನೋಡಿದ ಕಂಬ? ಬರೀ 5.

ಅದನ್ನು ಕಂಪ್ಯೂಟರೇ ಮಾಡುತ್ತದಲ್ಲ?

ಮಾಡಿತು! ‘ಹಿಂದಿನ ಏಳು ಸಾಲು ಕೂಡು’ ಎಂದಿದ್ದರು, ಕೂಡಿತು. ಮಳೆಯಿಲ್ಲದ ದಿನ ನಮ್ಮ ರೈಟರು ಸಾಲೇ ಬರೆಯುವುದಿಲ್ಲ. ಮಾರ್ಚಿನಲ್ಲಿ ಏಳು ಸಾಲು ಹಿಂದಕ್ಕೆ ಹೋದರೆ ಕಳೆದ ವರ್ಷದ ಮಳೆಯೂ ಸಿಕ್ಕೀತು. ಮಗನ ಫೋನ್ ಬಂತು: ‘ಅಪ್ಪ, ಈ ವಾರ ಎರಡಿಂಚು ಹೂಮಳೆ, ಸ್ಪ್ರಿಂಕ್ಲರ್ ಬೇಡ.’ ಸಾಹುಕಾರರು ಕಿಟಕಿಯಾಚೆ ನೋಡಿದರು. ರೊಬಸ್ಟಾ ಮೊಗ್ಗು ಬಾಯಾರಿ ನಿಂತಿತ್ತು. ಫೋನ್ ಇಟ್ಟು ಪಂಪ್‌ಸೆಟ್ ಶುರುಮಾಡಿದರು.

ಬೇರೆ ಅವಾಂತರ?

ಜೂನ್ 1ರಿಂದ ತೋರಿಸು ಎಂದರೆ ಗ್ರಾಫು ಮೇ ತಿಂಗಳನ್ನೇ ಮರೆಯಿತು. ಮೊದಲ ಆರು ದಿನದ ಮೊತ್ತ ಬಡಕಲು. ಮೊದಲು ಕೂಡಬೇಕು, ಆಮೇಲೆ ಕತ್ತರಿಸಬೇಕು. ಇವರು ಕತ್ತರಿಸಿ ಕೂಡಿದರು. ತಿಂಗಳ ಕೊನೆಗೆ ಉರುಳುವ ಮೊತ್ತಗಳನ್ನೇ ಮತ್ತೆ ಒಟ್ಟು ಹಾಕಿದರು. ಒಂದೇ ಹನಿ ಏಳು ಸಲ ಬಿತ್ತು. ಆ ಲೆಕ್ಕದಲ್ಲಿ ಕುಟ್ಟ ಚಿರಾಪುಂಜಿಗೆ ಅಣ್ಣ.

ಭಾನುವಾರ ಯಾರು ಅಳೆಯುತ್ತಾರೆ?

ರೈಟರಿಗೆ ರಜೆ, ನನಗಿಲ್ಲ. ಸೋಮವಾರ ಎರಡು ದಿನದ ನೀರು ಒಟ್ಟಿಗೆ ಅಳೆಯುತ್ತಾರೆ. ಕುಟ್ಟದಲ್ಲಿ ಸೋಮವಾರವೇ ಮಳೆ ಜಾಸ್ತಿ ಎಂದು ಡ್ಯಾಶ್‌ಬೋರ್ಡು ಕಂಡುಹಿಡಿದಿದೆ.

ಓದುಗರಿಗೊಂದು ಮಾತು?

ದಿನಾ ಎಂಟೂವರೆಗೆ ಬನ್ನಿ, ಭಾನುವಾರವೂ. ಬಾಟಲಿ ಖಾಲಿಯಿದ್ದರೆ ಹಾಗೇ ಹೋಗಬೇಡಿ, ಸೊನ್ನೆ ಬರೆಯಿರಿ. ಸೊನ್ನೆ ಬರೆಯದವರು ಹೇಳುವ ಮೊತ್ತವನ್ನು ನಂಬಬೇಡಿ.